‘ಡಿಕ್ಲಾಸಿಫೈ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

‘ಡಿಕ್ಲಾಸಿಫೈ’, ಅಂದರೆ ಸರ್ಕಾರ ಗುಟ್ಟು ಅಂತ ಗುರುತು ಹಾಕಿದ ಕಾಗದದಿಂದ ಆ ಗುರುತನ್ನು ತೆಗೆಯುವುದು. ಈ ಪದ ಎರಡು ವಾರದಿಂದ ಗಂಟಲಲ್ಲಿ ಸಿಕ್ಕಿಹಾಕಿಕೊಂಡಿದೆ. ಬಲ್ಲವರು ಬಿಡಿಸಿಕೊಡಬೇಕು.

ಇತಿಹಾಸ ಓದುವ ಪದವಿ ಮಕ್ಕಳಿಗೆ ಚಿಕ್ಕದೊಂದು ಕೈಪಿಡಿ ಬರೆಯುತ್ತಿದ್ದೇನೆ. ಸರ್ಕಾರದ ಹಳೇ ಕಾಗದಪತ್ರ ನೋಡಬೇಕಾದರೆ ಎಲ್ಲಿಗೆ ಹೋಗಬೇಕು, ಯಾವುದನ್ನು ಕೊಡುತ್ತಾರೆ, ಯಾವುದನ್ನು ಕೊಡುವುದಿಲ್ಲ ಅನ್ನುವುದು ವಿಷಯ. ಬರವಣಿಗೆ ಸಲೀಸಾಗಿಯೇ ಸಾಗಿತ್ತು. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ 12ನೇ ಸೆಕ್ಷನ್ ಬಂತು ನೋಡಿ, ಅಲ್ಲಿಗೆ ಪೆನ್ನು ನಿಂತಿತು.

ಆ ಸೆಕ್ಷನ್ ಹೇಳುವುದು ಇಷ್ಟು. ದಾಖಲೆ ಗುಟ್ಟಿನದಾಗಿರಬಾರದು (ಇಂಗ್ಲಿಷಿನಲ್ಲಿ ‘ಅನ್‌ಕ್ಲಾಸಿಫೈಡ್’; ‘ಕ್ಲಾಸಿಫೈಡ್’ ಅಂದರೆ ಗುಟ್ಟಿನ ಗುರುತು ಹಾಕಿದ್ದು). ಅದಕ್ಕೆ 30 ವರ್ಷ ದಾಟಿರಬೇಕು. ಇಲಾಖೆ ಅದನ್ನು ರಾಷ್ಟ್ರೀಯ ಪತ್ರಾಗಾರಕ್ಕೆ ಕಳಿಸಿರಬೇಕು. ಮೂರೂ ಆಗಿದ್ದರೆ ಸಂಶೋಧಕರಿಗೆ ನೋಡಲು ಕೊಡಬಹುದು. ‘ಕೊಡಬೇಕು’ ಅಲ್ಲ, ‘ಕೊಡಬಹುದು’. ಅದು ಬೇರೆ ಸಂಕಟ, ಇರಲಿ.

ನನ್ನ ಮೊದಲ ಕರಡಿನಲ್ಲಿ ಹೀಗಿತ್ತು: ‘ವರ್ಗೀಕೃತವಲ್ಲದ, 30 ವರ್ಷ ಮೀರಿದ, ಪತ್ರಾಗಾರಕ್ಕೆ ವರ್ಗಾಯಿಸಿದ ದಾಖಲೆಗಳು’. ಓದಿದ ಹುಡುಗಿಯೊಬ್ಬಳು ತಲೆ ಎತ್ತಿ, ‘ಸರ್, ವರ್ಗ ಆಗಿರಬೇಕೋ, ಆಗಿರಬಾರದೋ?’ ಅಂದಳು. ನಗು ಬಂತು. ಆದರೆ ಅವಳು ಕೇಳಿದ್ದು ಸರಿಯೇ ಅಲ್ವಾ? ಮೇಷ್ಟ್ರಿಗೆ ವರ್ಗ ಆಗುತ್ತದೆ. ಲೆಕ್ಕದಲ್ಲಿ ವರ್ಗಮೂಲ ಇದೆ. ಮೀಸಲಾತಿ ಪಟ್ಟಿಯಲ್ಲಿ ಹಿಂದುಳಿದ ವರ್ಗ ಇದೆ. ಇಷ್ಟೆಲ್ಲ ಹೊತ್ತಿರುವ ಪದದ ತಲೆಯ ಮೇಲೆ ಗುಟ್ಟಿನ ಕಾಗದವನ್ನೂ ನಾನು ಹೇರಿದ್ದೆ.

ಇನ್ನೂ ಒಂದು ತೊಡಕಿದೆ. ಪತ್ರಿಕೆ ಓದುವವರಿಗೆ ‘ವರ್ಗೀಕೃತ’ ಅಂದರೆ ಮನೆ ಬಾಡಿಗೆಗಿದೆ, ವಧು ಬೇಕಾಗಿದ್ದಾಳೆ ಅನ್ನುವ ಜಾಹೀರಾತಿನ ಪುಟ. ಸರ್ಕಾರಿ ಕಚೇರಿಯ ಗುಮಾಸ್ತರಿಗೆ ಕಡತದ ವರ್ಗೀಕರಣ ಅಂದರೆ ಮುಗಿದ ಕಡತವನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು ಅನ್ನುವ ಲೆಕ್ಕ. ‘ಎ’ ಆದರೆ ಕಾಯಂ ಇಡು, ಕೆಳಗಿನವನ್ನು ಇಂತಿಷ್ಟು ವರ್ಷ ಆದಮೇಲೆ ವಿಲೇವಾರಿ ಮಾಡು. ಅವರ ಬಾಯಲ್ಲಿ ‘ವರ್ಗೀಕರಣ ಆಗದ ಕಡತ’ ಅಂದರೆ ಕೆಲಸ ಬಾಕಿ ಇದೆ ಅಂತಲೇ ಹೊರತು, ಯಾರು ಬೇಕಾದರೂ ನೋಡಬಹುದು ಅಂತ ಅಲ್ಲವೇ ಅಲ್ಲ. ಹಾಗಾಗಿ ಈ ಪದವನ್ನು ಕೈಬಿಟ್ಟೆ.

ಬಿಟ್ಟ ಮೇಲೆ ಏನು? ಪತ್ರಿಕೆಗಳು ಸುಮ್ನೆ ‘ರಹಸ್ಯ ಕಡತ ಬಹಿರಂಗ’ ಅಂತ ತಲೆಬರಹ ಕೊಟ್ಟು ಮುಂದೆ ಹೋಗುತ್ತವೆ. 2016ರ ಜನವರಿ 23ರಂದು ನೇತಾಜಿ ಸುಭಾಷ್‌ಚಂದ್ರ ಬೋಸರಿಗೆ ಸಂಬಂಧಿಸಿದ 100 ಕಡತಗಳನ್ನು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಪ್ರಧಾನಿ ಬಿಡುಗಡೆ ಮಾಡಿದರು. ಅದಕ್ಕೂ ಮುಂಚೆ, 2015ರ ಸೆಪ್ಟೆಂಬರಿನಲ್ಲಿ, ಪಶ್ಚಿಮ ಬಂಗಾಳ ಸರ್ಕಾರ ತನ್ನ ಹತ್ತಿರವಿದ್ದ 64 ಕಡತಗಳನ್ನು ಹೊರಗಿಟ್ಟಿತ್ತು. ಇಂಥ ಕಡೆ ‘ಬಹಿರಂಗ’ ಅಂದರೂ ನಡೆಯುತ್ತದೆ, ‘ಬಿಡುಗಡೆ’ ಅಂದರೂ ನಡೆಯುತ್ತದೆ. ಗುಟ್ಟಿನ ಮುದ್ರೆ ಹೋಗಿದ್ದೂ ಜನ ನೋಡಿದ್ದೂ ಒಟ್ಟೊಟ್ಟಿಗೇ ಆಯಿತಲ್ಲ.

ಇವು ಬೇರೆ ಬೇರೆಯಾದಾಗ ಕಷ್ಟ ಶುರು. 1962ರ ಚೀನಾ ಯುದ್ಧದ ಸೋಲಿನ ಬಗ್ಗೆ ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪಿ.ಎಸ್. ಭಗತ್ ವರದಿ ಬರೆದರು. ಸರ್ಕಾರ ಅದನ್ನು 1963ರಲ್ಲೇ ಕಪಾಟಿಗೆ ಸೇರಿಸಿತು. ಪತ್ರಕರ್ತ ಕುಲದೀಪ್ ನಯ್ಯರ್ ಮಾಹಿತಿ ಹಕ್ಕಿನಡಿ ಕೇಳಿದಾಗ, 2010ರಲ್ಲಿ ಕೇಂದ್ರ ಮಾಹಿತಿ ಆಯೋಗ ಕೊಡಲಾಗದು ಅಂದಿತು. 2014ರ ಮಾರ್ಚಿನಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಅನ್ನುವ ವಿದೇಶಿ ಪತ್ರಕರ್ತ ಅದರ ಒಂದು ಭಾಗವನ್ನು ಅಂತರ್ಜಾಲಕ್ಕೆ ಹಾಕಿಬಿಟ್ಟ. ಊರೆಲ್ಲ ಓದಿತು. ಅದೇ ಜುಲೈನಲ್ಲಿ ರಾಜ್ಯಸಭೆಯಲ್ಲಿ ಕೇಳಿದರೆ, ಅದು ಟಾಪ್ ಸೀಕ್ರೆಟ್ ದಾಖಲೆ, ಹೊರಗೆ ಬಿಡುವುದು ದೇಶದ ಹಿತಕ್ಕೆ ಒಳ್ಳೆಯದಲ್ಲ ಅಂತಲೇ ಸರ್ಕಾರದ ಉತ್ತರ.

ಈಗ ಹೇಳಿ. ಆ ವರದಿ ಬಹಿರಂಗ ಆಯಿತೋ ಇಲ್ಲವೋ? ಆಯಿತು. ಡಿಕ್ಲಾಸಿಫೈ ಆಯಿತೋ? ಇಲ್ಲ. ‘ಬಹಿರಂಗ’ ಅನ್ನುವುದು ಕಾಗದಕ್ಕೆ ಆದ ಗತಿ. ಯಾರು ಮಾಡಿದರೂ ಆಗುತ್ತದೆ, ಕದ್ದು ಮಾಡಿದರೂ ಆಗುತ್ತದೆ. ಡಿಕ್ಲಾಸಿಫೈ ಅನ್ನುವುದು ಗುಟ್ಟು ಅಂತ ಬರೆದವರೇ ಆ ಬರಹವನ್ನು ಹೊಡೆದುಹಾಕುವ ಕೆಲಸ. ಉಲ್ಟಾ ಕೂಡ ನಡೆಯುತ್ತದೆ. ಮುದ್ರೆ ತೆಗೆದ ಕಡತ ಪತ್ರಾಗಾರಕ್ಕೆ ಹೋಗದೆ ಇಲಾಖೆಯ ಕಪಾಟಿನಲ್ಲೇ ಕೂತಿರಬಹುದು. ಆಗ ಅದು ಗುಟ್ಟೂ ಅಲ್ಲ, ಬಹಿರಂಗವೂ ಅಲ್ಲ. ಓದುವ ಮೇಜಿಗೆ ಮಾತ್ರ ಬರುವುದಿಲ್ಲ.

‘ಗೌಪ್ಯಮುಕ್ತ’ ಅಂತ ಒಬ್ಬ ಗೆಳೆಯರು ಸೂಚಿಸಿದರು. ಬಾಯಿ ತುಂಬುವ ಪದ, ನಿಜ. ಆದರೆ ‘ಗೌಪ್ಯ’ದ ಮೇಲೇ ನನಗೆ ತಕರಾರಿದೆ. ‘ಗೋಪ್ಯ’ ಸರಿಯೋ ‘ಗೌಪ್ಯ’ ಸರಿಯೋ ಅನ್ನುವ ಹಳೇ ಜಗಳ ಅಲ್ಲ, ಅದನ್ನು ವೈಯಾಕರಣಿಗಳಿಗೆ ಬಿಟ್ಟಿದ್ದೇನೆ. ತಕರಾರು ಬೇರೆ. ಮಂತ್ರಿಗಳು ‘ಅಧಿಕಾರ ಮತ್ತು ಗೌಪ್ಯತೆ’ಯ ಪ್ರಮಾಣವಚನ ತೆಗೆದುಕೊಳ್ಳುತ್ತಾರೆ. ನೌಕರರಿಗೆ ಗೌಪ್ಯ ವರದಿ ಬರೆಯುತ್ತಾರೆ. ಮೊಬೈಲಿನ ಆ್ಯಪ್ ತೆರೆದರೆ ‘ಗೌಪ್ಯತಾ ನೀತಿ’ ಒಪ್ಪಿಕೊಳ್ಳಿ ಅನ್ನುತ್ತದೆ. ಮೊದಲಿನ ಎರಡರಲ್ಲಿ ಮುಚ್ಚಿಡುವುದು ಸರ್ಕಾರ. ಮೂರನೆಯದರಲ್ಲಿ ಮುಚ್ಚಿಡಬೇಕಾದದ್ದು ನನ್ನದು, ನಿಮ್ಮದು. ಎರಡಕ್ಕೂ ಒಂದೇ ಪದ!

ಇದು ಬರೀ ಪದದ ಚಪಲ ಅಂದುಕೊಳ್ಳಬೇಡಿ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತಲ್ಲ, ಆ ಮೊಕದ್ದಮೆ ಹೂಡಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಕನ್ನಡ ಪತ್ರಿಕೆಗಳಲ್ಲಿ ‘ಖಾಸಗಿತನ’ ಅನ್ನುವ ಪದ ಚೆನ್ನಾಗಿ ಓಡಾಡಿತು. ಆಮೇಲೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದು ಮಾಹಿತಿ ಹಕ್ಕು ಕಾಯ್ದೆಯ ಒಂದು ಉಪಕಲಮನ್ನು ತಿದ್ದಿತು. ಮುಂಚೆ ವೈಯಕ್ತಿಕ ಮಾಹಿತಿ ಕೊಡದಿರಲು ಒಂದಿಷ್ಟು ಷರತ್ತುಗಳಿದ್ದವು. ತಿದ್ದಿದ ಮೇಲೆ ಆ ಉಪಕಲಮಿನಲ್ಲಿ ಉಳಿದದ್ದು ‘ವೈಯಕ್ತಿಕ ಮಾಹಿತಿ’ ಅನ್ನುವುದಷ್ಟೇ. ನಾಳೆ ಯಾರೋ ಅಧಿಕಾರಿಯ ಆಸ್ತಿ ವಿವರ ಕೇಳಿದರೆ ‘ಗೌಪ್ಯ’ ಅಂತ ಒಂದೇ ಪದದ ಉತ್ತರ ಬಂತೆನ್ನಿ. ಅದು ಸರ್ಕಾರದ ಗುಟ್ಟೋ, ಆ ಮನುಷ್ಯನ ಖಾಸಗಿ ವಿಚಾರವೋ ಅಂತ ಕನ್ನಡದಲ್ಲಿ ಗೊತ್ತೇ ಆಗುವುದಿಲ್ಲ. ಮೇಲ್ಮನವಿ ಬರೆಯುವವನು ಯಾವುದರ ವಿರುದ್ಧ ವಾದಿಸಬೇಕು?

ಹಳಬರಿಗೆ ಈ ಗೊಂದಲ ಇರಲಿಲ್ಲ ಅನ್ನಿಸುತ್ತದೆ. ‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಅಂದರು. ಗುಟ್ಟು ಮನೆಯದು. ದೊರೆಯದು ರಹಸ್ಯ, ದೊರೆಯ ಆಳು ಗುಪ್ತಚರ. ಅಂದಹಾಗೆ ಈ ‘ರಟ್ಟು’ ನೋಡಿ, ತಮಾಷೆಯಾಗಿದೆ. ಗುಟ್ಟು ಬಯಲಾದರೂ ರಟ್ಟು, ಫೈಲಿಗೆ ಹೊದಿಸುವುದೂ ರಟ್ಟು.

ಫೈಲ್ ಅಂದಾಗ ನೆನಪಾಯಿತು. ಈ ಇಡೀ ಗುಂಪಿನಲ್ಲಿ ನನಗೆ ತುಂಬ ಇಷ್ಟದ ಪದ ‘ಕಡತ’. ಈಗ ಸಚಿವಾಲಯದ ಮೇಜಿನ ಮೇಲೆ ಕಾಣುವ ಕಡತ ಮೊದಲು ಬಟ್ಟೆಯದಾಗಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಅಂಗಡಿಯವರ ಲೆಕ್ಕ ಅದರಲ್ಲೇ. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಉಳಿದಿವೆ. ಅಂದರೆ ಕಡತಕ್ಕೆ ಸಹಜವಾದ ಕ್ರಿಯೆಗಳು ಮಡಚುವುದು, ಬಿಚ್ಚುವುದು. ‘ಬಿಚ್ಚುಗಡತ’ ಅಂತ ಒಂದು ಪದ ಹೊಳೆಯಿತು. ನಾನೇ ಎರಡು ದಿನ ಖುಷಿಪಟ್ಟೆ. ಮೂರನೇ ದಿನ ಓದಿದಾಗ ದಾರ ಬಿಚ್ಚಿಹೋದ ಹಳೇ ಫೈಲಿನ ಹಾಗೆ ಕೇಳಿಸಿತು. ಬಿಟ್ಟೆ.

ಆ ಹುಡುಗಿ ‘ಗುಟ್ಟು ಬಿಟ್ಟ ಕಡತ’ ಅನ್ನಬಹುದಲ್ಲ ಅಂದಳು. ಚೆನ್ನಾಗಿಯೇ ಇದೆ. ಆದರೆ ‘ಗುಟ್ಟು ಬಿಟ್ಟುಕೊಡು’ ಅಂದರೆ ಬಾಯಿಬಿಡು ಅಂತ ಅರ್ಥ ಬಂದುಬಿಡುತ್ತದೆ. ಮತ್ತೆ ‘ಬಹಿರಂಗ’ದ ಬಾಗಿಲಿಗೇ ಬಂದ ಹಾಗಾಯಿತು.

ಸದ್ಯಕ್ಕೆ ಕರಡಿನಲ್ಲಿ ‘ಗುಪ್ತಮುದ್ರೆ’ ಅಂತ ಇಟ್ಟುಕೊಂಡಿದ್ದೇನೆ. ‘ಗುಪ್ತಮುದ್ರೆ ಹಾಕಿದ ಕಡತ’, ‘ಗುಪ್ತಮುದ್ರೆ ತೆಗೆದ ಕಡತ’. ಟಾಪ್ ಸೀಕ್ರೆಟ್‌ನಿಂದ ಕೆಳಗಿನ ಮಟ್ಟಕ್ಕೆ ತಂದರೆ ‘ಮುದ್ರೆ ಇಳಿಸು’. ಆ ಸೆಕ್ಷನ್ ಈಗ ಹೀಗಿದೆ: ‘ಗುಪ್ತಮುದ್ರೆ ಇಲ್ಲದ, 30 ವರ್ಷ ದಾಟಿದ, ಪತ್ರಾಗಾರಕ್ಕೆ ಬಂದು ಸೇರಿರುವ ದಾಖಲೆಗಳು’. ‘ವರ್ಗ’ದ ಕಾಟ ತಪ್ಪಿತು. ಕ್ರಿಯಾಪದ ಒಂದೇ ಪದದಲ್ಲಿ ಸಿಗಲಿಲ್ಲ ಅನ್ನುವ ಕೊರಗು ಉಳಿದಿದೆ.

ಸಚಿವಾಲಯದಲ್ಲೋ ಜಿಲ್ಲಾ ಕಚೇರಿಯಲ್ಲೋ ಕೆಲಸ ಮಾಡಿದವರು ಇಲ್ಲಿದ್ದರೆ ಒಂದು ಮಾತು ಕೇಳಬೇಕು. ಗುಟ್ಟಿನ ಲಕೋಟೆಯ ಮೇಲಿನ ಆ ಗುರುತು ಹೋದಾಗ ನೀವು ನೀವೇ ಏನಂದುಕೊಳ್ಳುತ್ತಿದ್ದಿರಿ? ಟಿಪ್ಪಣಿಯಲ್ಲಿ ಬರೆದದ್ದಲ್ಲ, ಬಾಯಲ್ಲಿ ಅಂದದ್ದು ಬೇಕು. ‘ಈಗ ಇದು ಮಾಮೂಲಿ ಫೈಲ್’ ಅನ್ನುವಂಥದ್ದೇ ಆದರೂ ಸರಿ. ಹಾಗೆಯೇ ಅದೇ 12ನೇ ಸೆಕ್ಷನ್ನಿನ ‘ಬೋನಾಫೈಡ್ ಸಂಶೋಧಕ’ ಅನ್ನುವುದಕ್ಕೆ ಏನು ಹಾಕಲಿ? ‘ನೈಜ’ ಅಂದರೆ ಉಳಿದವರು ನಕಲಿ ಅಂದ ಹಾಗಾಗುತ್ತದೆ. ತಾತನ ಸ್ವಾತಂತ್ರ್ಯ ಹೋರಾಟದ ಕಾಗದ ಹುಡುಕಿಕೊಂಡು ಬಂದ ಮೊಮ್ಮಗ ನಕಲಿಯಂತೂ ಅಲ್ಲ. ಕೈಪಿಡಿ ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಹೇಳಿ.