ಹಳೆಯ ಕಾರಿಗೆ ನ್ಯಾವಿಗೇಷನ್: ಪ್ರತ್ಯೇಕ ಸಾಧನವೋ, ಹೊಸ ಸ್ಟೀರಿಯೊವೋ, ಫೋನೇ ಸಾಕೋ?

ಪ್ರಶ್ನೆ

ನನ್ನ ಕಾರಿಗೆ ಹತ್ತು ವರ್ಷ ತುಂಬಿದೆ. ಎಂಜಿನ್ ಗಟ್ಟಿಯಾಗಿಯೇ ಇರುವುದರಿಂದ ಮಾರುವ ಯೋಚನೆಯಿಲ್ಲ. ಆದರೆ ಅದರಲ್ಲಿರುವುದು ರೇಡಿಯೊ ಮತ್ತು ಸಿ.ಡಿ. ಮಾತ್ರ ಬರುವ ಹಳೆಯ ಸ್ಟೀರಿಯೊ. ಇಷ್ಟು ದಿನ ಮುಂದಿನ ಗಾಜಿಗೆ ಅಂಟುವ ಹೋಲ್ಡರ್‌ನಲ್ಲಿ ಫೋನ್ ಸಿಕ್ಕಿಸಿಕೊಂಡು ದಾರಿ ನೋಡುತ್ತಿದ್ದೆ. ಕಳೆದ ಬೇಸಿಗೆಯಲ್ಲಿ ಗುಡ್ಡಗಾಡಿನ ರಸ್ತೆಯೊಂದರಲ್ಲಿ, ಬಿಸಿಲಿಗೆ ಕಾದ ಫೋನು ಮೊದಲು ಪರದೆಯ ಬೆಳಕನ್ನು ತಗ್ಗಿಸಿತು, ಆಮೇಲೆ ತಾನಾಗಿಯೇ ಆರಿಹೋಯಿತು. ಅದು ತಣ್ಣಗಾಗಿ ಮತ್ತೆ ಎದ್ದಾಗ ನೆಟ್‌ವರ್ಕ್ ಇರಲಿಲ್ಲ. ನಕ್ಷೆ ಇರಬೇಕಾದ ಜಾಗದಲ್ಲಿ ಬರೀ ಬೂದು ಬಣ್ಣ, ಅದರ ನಡುವೆ ಒಂಟಿ ನೀಲಿ ಚುಕ್ಕೆ.

ಈಗ ನನ್ನ ಮುಂದೆ ಮೂರು ದಾರಿಗಳಿವೆ. ನಕ್ಷೆಯನ್ನು ತನ್ನೊಳಗೇ ಇಟ್ಟುಕೊಂಡಿರುವ ಪ್ರತ್ಯೇಕ ಜಿಪಿಎಸ್ ಸಾಧನವನ್ನು ಕೊಳ್ಳುವುದು, ಸ್ಟೀರಿಯೊ ತೆಗೆಸಿ ದೊಡ್ಡ ಪರದೆಯ ಆಂಡ್ರಾಯ್ಡ್ ಯೂನಿಟ್ ಕೂರಿಸುವುದು, ಅಥವಾ ಫೋನನ್ನೇ ಇನ್ನಷ್ಟು ಎಚ್ಚರದಿಂದ ಬಳಸುವುದು. ನೆಟ್‌ವರ್ಕ್ ಇಲ್ಲದ ಕಡೆಯೂ ಸುರಂಗಗಳಲ್ಲಿಯೂ ಇವುಗಳಲ್ಲಿ ಯಾವುದು ಕೈ ಕೊಡುವುದಿಲ್ಲ? ಕಾರಿನ ವೈರಿಂಗ್ ಕತ್ತರಿಸಬೇಕಾಗುತ್ತದೆಯೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಕೊಳ್ಳುವ ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ಆ ದಿನ ನಿಮ್ಮ ಫೋನಿಗೆ ಇಲ್ಲವಾದದ್ದು ನಕ್ಷೆ ಮಾತ್ರ. ತಾನೆಲ್ಲಿದ್ದೇನೆ ಎಂಬುದು ಅದಕ್ಕೆ ಗೊತ್ತಿತ್ತು. ನೀಲಿ ಚುಕ್ಕೆ ಕಾಣುತ್ತಿತ್ತೆಂದು ನೀವೇ ಬರೆದಿದ್ದೀರಿ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಿಂದ ಸಮಯದ ಸಂಕೇತವನ್ನು ಬಿತ್ತರಿಸುತ್ತಲೇ ಇರುತ್ತವೆ. ಕನಿಷ್ಠ 4 ಉಪಗ್ರಹಗಳ ಸಂಕೇತ ಸಿಕ್ಕರೆ ಸಾಧನವು ತಾನಿರುವ ಜಾಗವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಇದಕ್ಕೆ ಸಿಮ್ ಕಾರ್ಡ್ ಕೂಡ ಬೇಡ.

ನೆಟ್‌ವರ್ಕ್ ಬೇಕಾಗುವುದು ನಕ್ಷೆ ತರಿಸಿಕೊಳ್ಳಲು, ಮುಂದಿನ ಟ್ರಾಫಿಕ್ ತಿಳಿಯಲು, ಮತ್ತು ಉಪಗ್ರಹಗಳ ಕಕ್ಷೆಯ ವಿವರವನ್ನು ಬೇಗ ಪಡೆಯಲು. ಕೊನೆಯದು ಸಿಗದಿದ್ದರೆ ಸಾಧನವು ಆ ವಿವರವನ್ನು ಉಪಗ್ರಹಗಳಿಂದಲೇ ಕೇಳಿಸಿಕೊಳ್ಳಬೇಕು. ಅದು ಸೆಕೆಂಡಿಗೆ 50 ಬಿಟ್‌ನ ಆಮೆ ನಡಿಗೆಯಲ್ಲಿ ಬರುವುದರಿಂದ ಒಂದು ಉಪಗ್ರಹದ ಸ್ವಂತ ವಿವರಕ್ಕೆ ಸುಮಾರು ಅರ್ಧ ನಿಮಿಷವೂ, ಎಲ್ಲ ಉಪಗ್ರಹಗಳ ಸ್ಥೂಲ ಪಂಚಾಂಗಕ್ಕೆ 12.5 ನಿಮಿಷವೂ ಹಿಡಿಯುತ್ತದೆ. (ಪಂಚಾಂಗ ಎಂದದ್ದು ತಮಾಷೆಗಲ್ಲ, ಆ ರಂಗದವರು ಅದನ್ನು ಕರೆಯುವುದೇ ಅಲ್ಮನಾಕ್ ಎಂದು.) ಬಹಳ ದಿನ ಮೂಲೆಯಲ್ಲಿದ್ದ ಸಾಧನವು ಹೊರಡುವಾಗ ತಡಬಡಿಸುವುದು ಇದರಿಂದಲೇ.

ಆದ್ದರಿಂದ ಹಣ ಖರ್ಚು ಮಾಡುವ ಮೊದಲು, ಹೋಗುವ ಪ್ರದೇಶದ ನಕ್ಷೆಯನ್ನು ಫೋನಿನಲ್ಲಿ ಆಫ್‌ಲೈನ್ ಆಗಿ ಉಳಿಸಿಕೊಂಡು ಒಂದು ತಿಂಗಳು ಓಡಾಡಿ ನೋಡಿ. ಗೂಗಲ್ ಮ್ಯಾಪ್ಸ್‌ನಲ್ಲಿ ಉಳಿಸಿದ ನಕ್ಷೆಗೆ ಅವಧಿ ಇರುತ್ತದೆ, ಆಗಾಗ ನವೀಕರಿಸಬೇಕು. 2004ರಲ್ಲಿ ಆರಂಭವಾದ, ಸ್ವಯಂಸೇವಕರು ಸೇರಿ ರೂಪಿಸುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶವನ್ನು ಬಳಸುವ ಓಎಸ್‌ಎಂಆ್ಯಂಡ್, ಆರ್ಗ್ಯಾನಿಕ್ ಮ್ಯಾಪ್ಸ್‌ನಂತಹ ಆ್ಯಪ್‌ಗಳಲ್ಲಿ ಇಡೀ ಪ್ರಾಂತ್ಯದ ನಕ್ಷೆಯನ್ನೇ ಇಳಿಸಿಕೊಳ್ಳಬಹುದು. ಹೋಲ್ಡರನ್ನು ಗಾಜಿನಿಂದ ತೆಗೆದು ಎ.ಸಿ. ಗಾಳಿ ಬರುವ ಕಿಂಡಿಗೆ ಸಿಕ್ಕಿಸಿದರೆ ಕಾವಿನ ತೊಂದರೆಯೂ ಬಹುಪಾಲು ನೀಗುತ್ತದೆ.

ಉತ್ತರ 2

ಕಾರುಗಳಿಗೆ ಸ್ಟೀರಿಯೊ ಕೂರಿಸುವ ಕೆಲಸವನ್ನು ಬಹಳ ಕಾಲ ಮಾಡಿದವನಾಗಿ ಎರಡನೆಯ ದಾರಿಯ ಬಗ್ಗೆ ಬರೆಯುತ್ತೇನೆ. ಕೊಳ್ಳುವವರು ಮೊದಲು ಕೇಳುವುದು ಪರದೆ ಎಷ್ಟು ಇಂಚು ಎಂದು. ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಮೊದಲು ಈಗಿನ ಸ್ಟೀರಿಯೊ ಕೂತಿರುವ ಕಿಂಡಿಯನ್ನು ಅಳೆಯಿರಿ. ಸುಮಾರು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರವಿದ್ದರೆ ಅದು ಸಿಂಗಲ್ ಡಿನ್ (ಡಿನ್ ಎಂದರೆ ಸ್ಟೀರಿಯೊ ಕಿಂಡಿಯ ಪ್ರಮಾಣಿತ ಅಳತೆ). ಎತ್ತರ 100 ಮಿ.ಮೀ. ಇದ್ದರೆ ಡಬಲ್ ಡಿನ್. ಒಂಬತ್ತು, ಹತ್ತು ಇಂಚಿನ ಪರದೆಗಳು ಈ ಕಿಂಡಿಯಲ್ಲಿ ಹಿಡಿಸದೆ ಹೊರಗೆ ಚಾಚಿಕೊಳ್ಳುವುದರಿಂದ, ನಿಮ್ಮ ಕಾರಿನ ಮಾದರಿಗೆಂದೇ ಮಾಡಿದ ಫ್ರೇಮ್ ಬೇಕಾಗುತ್ತದೆ. ಅದಿಲ್ಲದೆ ಕೂರಿಸಿದರೆ ಎ.ಸಿ. ಕಿಂಡಿಯನ್ನೋ ಹಜಾರ್ಡ್ ದೀಪದ ಸ್ವಿಚ್ಚನ್ನೋ ಪರದೆಯೇ ಮರೆಮಾಡುತ್ತದೆ.

ಇನ್ನೊಂದು ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ‘ಆಂಡ್ರಾಯ್ಡ್ ಸ್ಟೀರಿಯೊ’ ಬೇರೆ, ‘ಆಂಡ್ರಾಯ್ಡ್ ಆಟೊ ಇರುವ ಸ್ಟೀರಿಯೊ’ ಬೇರೆ. ಮೊದಲನೆಯದು ಡ್ಯಾಶ್‌ಬೋರ್ಡ್‌ನಲ್ಲಿ ಕೂರಿಸಿದ ಟ್ಯಾಬ್ಲೆಟ್ ಇದ್ದಂತೆ. ಆ್ಯಪ್, ನಕ್ಷೆ, ಜಿಪಿಎಸ್ ಎಲ್ಲವೂ ಅದರೊಳಗೇ ಇರುತ್ತವೆ, ಇಂಟರ್ನೆಟ್ಟನ್ನು ಮಾತ್ರ ಹೊರಗಿನಿಂದ ಕೊಡಬೇಕು. ಎರಡನೆಯದರಲ್ಲಿ ಕೆಲಸ ಮಾಡುವುದು ನಿಮ್ಮ ಫೋನು, ಸ್ಟೀರಿಯೊ ಅದನ್ನು ತನ್ನ ಪರದೆಯ ಮೇಲೆ ತೋರಿಸುತ್ತದೆ, ಅಷ್ಟೆ. ಆಪಲ್ ಕಾರ್‌ಪ್ಲೇ ಕೂಡ ಹಾಗೆಯೇ. ನನ್ನ ಮತವನ್ನು ಕೇಳಿದರೆ ಎರಡನೆಯದೇ ಮೇಲು. ಅಗ್ಗದ ಆಂಡ್ರಾಯ್ಡ್ ಯೂನಿಟ್‌ಗಳು ಎರಡು ವರ್ಷದಲ್ಲಿ ನಿಧಾನವಾಗುವುದನ್ನು ಎಷ್ಟೋ ಬಾರಿ ನೋಡಿದ್ದೇನೆ. ಅವುಗಳ ಸೆಟ್ಟಿಂಗ್ಸ್‌ನಲ್ಲಿ ಕಾಣುವ ಆಂಡ್ರಾಯ್ಡ್ ಆವೃತ್ತಿ ಮತ್ತು ಮೆಮೊರಿಯ ಅಂಕಿಗಳು ನಿಜವೇ ಆಗಿರಬೇಕೆಂದೂ ಇಲ್ಲ. ಫೋನನ್ನಾದರೆ ನೀವು ಹೇಗೂ ಬದಲಿಸುತ್ತೀರಿ, ಅದರೊಂದಿಗೆ ನ್ಯಾವಿಗೇಷನ್ನೂ ಹೊಸದಾಗುತ್ತದೆ. ಫೋನು ನೆರಳಿನಲ್ಲಿರುವುದರಿಂದ ಬಿಸಿಯಾಗುವುದೂ ಕಡಿಮೆ.

ಸ್ಟೀರಿಯೊ ಜೊತೆ ಬರುವ ಜಿಪಿಎಸ್ ಆಂಟೆನಾ ಮಾತ್ರ ಅಸಡ್ಡೆ ಮಾಡಬಾರದ ಭಾಗ. ಬೆಂಕಿಪೊಟ್ಟಣದಷ್ಟಿರುವ ಆ ಕಪ್ಪು ಡಬ್ಬಿಯನ್ನು, ಬೇಗ ಮುಗಿಸುವ ಆತುರದಲ್ಲಿ, ಸ್ಟೀರಿಯೊದ ಹಿಂದೆಯೇ ತುರುಕಿಬಿಡುವವರಿದ್ದಾರೆ. ಲೋಹದ ಚೌಕಟ್ಟಿನ ಮರೆಯಲ್ಲಿ ಅದಕ್ಕೆ ಆಕಾಶವೇ ಕಾಣುವುದಿಲ್ಲ. ಡ್ಯಾಶ್‌ಬೋರ್ಡ್‌ನ ಮೇಲ್ಭಾಗದ ಪ್ಲಾಸ್ಟಿಕ್ಕಿನ ಕೆಳಗೆ, ಗಾಜಿನ ಅಂಚಿಗೆ ಹತ್ತಿರವಾಗಿ, ಮುಖ ಮೇಲಾಗಿ ಇರಿಸಲು ಹೇಳಿ. ಡ್ಯಾಶ್‌ಕ್ಯಾಮ್ ಮತ್ತು ಅಗ್ಗದ ಯುಎಸ್‌ಬಿ ಚಾರ್ಜರ್‌ಗಳಿಂದ ದೂರವಿಡಿಸಿ, ಅವು ಸಂಕೇತವನ್ನು ಕೆಡಿಸುತ್ತವೆ. ಮುಂದಿನ ಗಾಜಿಗೆ ಲೋಹದ ಪದರವಿರುವ ಫಿಲ್ಮ್ ಅಂಟಿಸಿದ್ದರೆ ಒಳಗಿನ ಯಾವ ಜಿಪಿಎಸ್ಸೂ ಸರಿಯಾಗಿ ಕೆಲಸ ಮಾಡಲಾರದು.

ವೈರಿಂಗ್ ಕತ್ತರಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮ ಕಾರಿನ ಕನೆಕ್ಟರ್‌ಗೆ ಹೊಂದುವ ಹಾರ್ನೆಸ್ (ಸಿದ್ಧ ವೈರುಗಳ ಕಟ್ಟು) ಸಿಗುತ್ತದೆ, ಅದನ್ನೇ ಕೇಳಿ ಪಡೆಯಿರಿ. ಯೂನಿಟ್‌ನ ಹಳದಿ ವೈರು ಸದಾ ಬ್ಯಾಟರಿಯಿಂದ, ಕೆಂಪು ವೈರು ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಪಡೆಯಬೇಕು. ಎರಡೂ ಅದಲುಬದಲಾದರೆ ಪ್ರತಿ ಸಲವೂ ಸೆಟ್ಟಿಂಗ್ ಅಳಿಸಿಹೋಗುತ್ತದೆ; ಎರಡನ್ನೂ ನೇರ ಬ್ಯಾಟರಿಗೆ ಕೊಟ್ಟರೆ ನಿಂತಲ್ಲೇ ಬ್ಯಾಟರಿ ಖಾಲಿಯಾಗುತ್ತದೆ. ಸ್ಟೀರಿಂಗ್ ಮೇಲೆ ಗುಂಡಿಗಳಿದ್ದರೆ, ಕೆಲವು ಕಾರುಗಳಲ್ಲಿ ಅವು ಕೆಲಸ ಮಾಡಲು ಕ್ಯಾನ್ ಬಸ್ ಅಡಾಪ್ಟರ್ (ಕಾರಿನ ಒಳಗಿನ ಸಂಕೇತಗಳನ್ನು ಸ್ಟೀರಿಯೊಗೆ ತಿಳಿಯುವಂತೆ ಮಾಡುವ ಡಬ್ಬಿ) ಬೇರೆಯಾಗಿ ಬೇಕಾದೀತು.

ಸುರಂಗದ ವಿಷಯದಲ್ಲಿ ಹೆಚ್ಚು ನಿರೀಕ್ಷೆ ಬೇಡ. ಕಂಪನಿಯಿಂದಲೇ ಬರುವ ನ್ಯಾವಿಗೇಷನ್ ವ್ಯವಸ್ಥೆಗಳು ಚಕ್ರದ ವೇಗವನ್ನೂ, ಕಾರು ತಿರುಗುವುದನ್ನು ಅಳೆಯುವ ಗೈರೊಸ್ಕೋಪನ್ನೂ ಬಳಸಿ, ಉಪಗ್ರಹ ಕಾಣದ ಕಡೆಯೂ ಸಾಗಿದ ದೂರವನ್ನು ಲೆಕ್ಕ ಹಾಕುತ್ತವೆ. ಹೊರಗಿನಿಂದ ಹಾಕಿಸುವ ಯೂನಿಟ್‌ಗಳಲ್ಲಿ ವೇಗದ ಸಂಕೇತದ ವೈರು ಕೆಲವಕ್ಕೆ ಮಾತ್ರ ಇರುತ್ತದೆ, ಇದ್ದರೂ ಎಷ್ಟೋ ಕಡೆ ಜೋಡಿಸಿರುವುದಿಲ್ಲ. ನೇರವಾದ ಸುರಂಗದಲ್ಲಿ ಅಂದಾಜಿನಿಂದ ಕೆಲಸ ಸಾಗುತ್ತದೆ. ಒಳಗೇ ದಾರಿ ಕವಲೊಡೆದರೆ ಫಲಕವನ್ನೇ ನಂಬಿ.

ಉತ್ತರ 3

ಪ್ರತ್ಯೇಕ ಸಾಧನವನ್ನು ಯಾರೂ ವಹಿಸಿಕೊಳ್ಳಲಿಲ್ಲವಾದ್ದರಿಂದ ಎರಡು ಮಾತು. ನಾನು ಹಲವು ವರ್ಷ ಅದನ್ನೇ ಬಳಸಿದ್ದೇನೆ. ಒಂದೇ ಸಾಧನ ಮನೆಯ ಎರಡು ಕಾರುಗಳಿಗೂ ಆಗುತ್ತಿತ್ತು, ಕರೆ ಬಂದಾಗ ನಕ್ಷೆ ಮರೆಯಾಗುತ್ತಿರಲಿಲ್ಲ, ನೆಟ್‌ವರ್ಕ್‌ನ ಗೊಡವೆ ಇರಲಿಲ್ಲ. ತೊಂದರೆ ಇರುವುದು ನಕ್ಷೆ ಹಳತಾಗುವುದರಲ್ಲಿ. ‘ಲೈಫ್‌ಟೈಮ್ ಅಪ್‌ಡೇಟ್’ ಎಂಬ ಮಾತಿನಲ್ಲಿರುವುದು ನಿಮ್ಮ ಆಯುಷ್ಯವೂ ಅಲ್ಲ, ಕಾರಿನದೂ ಅಲ್ಲ. ಕಂಪನಿಯು ಆ ಮಾದರಿಗೆ ಬೆಂಬಲ ಕೊಡುವಷ್ಟು ಕಾಲ.

ಬಳಸಿದ ಸಾಧನವನ್ನು ಕೊಳ್ಳುವುದಾದರೆ ಅದರ ದಿನಾಂಕ ಸರಿಯಿದೆಯೇ ನೋಡಿ. ಜಿಪಿಎಸ್ ಸಂಕೇತದಲ್ಲಿ ವಾರಗಳ ಎಣಿಕೆ 1,024ಕ್ಕೆ ಮುಗಿದು ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. 2019ರ ಏಪ್ರಿಲ್ 6ರಂದು ಹಾಗಾದಾಗ, ಅಪ್‌ಡೇಟ್ ಕಾಣದ ಕೆಲವು ಹಳೆಯ ಸಾಧನಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ದಿನಾಂಕ ತೋರಿಸತೊಡಗಿದವು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಕಿಂಡಿಯನ್ನು ಅಳೆದೆ, ಡಬಲ್ ಡಿನ್ ಇದೆ. ಆಫ್‌ಲೈನ್ ನಕ್ಷೆ ಇಳಿಸಿಕೊಂಡು, ಹೋಲ್ಡರನ್ನು ಎ.ಸಿ. ಕಿಂಡಿಗೆ ಬದಲಿಸಿ, ಅದೇ ಗುಡ್ಡದ ರಸ್ತೆಯಲ್ಲಿ ಮೊನ್ನೆ ಹೋಗಿಬಂದೆ. ಫೋನು ಆರಲಿಲ್ಲ, ನಕ್ಷೆಯೂ ಉಳಿಯಿತು. ಆದರೂ ಚಿಕ್ಕ ಪರದೆಯತ್ತ ಕಣ್ಣು ಹಾಯಿಸುವುದು ಕಷ್ಟವಾಗುತ್ತಿರುವುದರಿಂದ, ಆಂಡ್ರಾಯ್ಡ್ ಆಟೊ ಇರುವ ಏಳು ಇಂಚಿನ ಯೂನಿಟ್ ಕೂರಿಸಲು ನಿರ್ಧರಿಸಿದ್ದೇನೆ. ಫೋನನ್ನು ಆಸನಗಳ ನಡುವಿನ ಪೆಟ್ಟಿಗೆಯಲ್ಲಿಟ್ಟರೆ ಸಿಗ್ನಲ್ ತಗ್ಗುವುದಿಲ್ಲವೇ?

ಉತ್ತರ 2 ಬರೆದವರಿಂದ

ತಗ್ಗಬಹುದು. ಸ್ಟೀರಿಯೊಗೆ ಸ್ವಂತ ಜಿಪಿಎಸ್ ಆಂಟೆನಾ ಇದ್ದರೆ ಅದರ ಮಾಹಿತಿಯನ್ನು ಫೋನಿಗೆ ಒದಗಿಸುವ ಮಾದರಿಗಳಿವೆ, ಕೊಳ್ಳುವಾಗ ಅದನ್ನು ವಿಚಾರಿಸಿ. ಇಲ್ಲವಾದರೆ ಫೋನನ್ನು ಪೆಟ್ಟಿಗೆಯ ಹೊರಗೆ, ಬಿಸಿಲು ಬೀಳದ ಕಡೆ ಇಡಿ. ಧ್ವನಿ ಹೆಚ್ಚು ಕಡಿಮೆ ಮಾಡಲು ತಿರುಗಿಸುವ ಗುಂಡಿ ಇರುವುದನ್ನೇ ಆರಿಸಿ, ಓಡುವ ಕಾರಿನಲ್ಲಿ ಪರದೆಯ ಮೇಲೆ ಬೆರಳಿಡುವ ಜಾಗವನ್ನು ಹುಡುಕುವುದು ಸುಲಭವಲ್ಲ. ಕೂರಿಸಿದ ದಿನ, ಡ್ಯಾಶ್‌ಬೋರ್ಡ್‌ನ ಸ್ಕ್ರೂಗಳನ್ನು ಬಿಗಿಯುವ ಮೊದಲೇ ಕಾರನ್ನು ಬಿಸಿಲಿನ ಬಯಲಿಗೆ ತಂದು, ಪರದೆ ಓದಲು ಬರುತ್ತದೆಯೇ, ದಾರಿ ಹಿಡಿಯಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದನ್ನು ನೀವೇ ನೋಡಿ.