ಎರಡು ದಿನ ನಿಂತರೆ ಕಾರು ಸ್ಟಾರ್ಟ್ ಆಗುವುದಿಲ್ಲ: ದೋಷ ಬ್ಯಾಟರಿಯದೋ, ಡೈನಮೋದ್ದೋ?

ಪ್ರಶ್ನೆ (ಕೋಲಾರ):
ನನ್ನದು ಏಳು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. 35 ಆಂಪಿಯರ್-ಅವರ್ ಬ್ಯಾಟರಿಯನ್ನು ಕಳೆದ ಯುಗಾದಿಯ ಹೊತ್ತಿಗೆ ಹೊಸದಾಗಿ ಹಾಕಿಸಿದ್ದೇನೆ. ನರಸಾಪುರದ ಕಾರ್ಖಾನೆಗೆ ಹೋಗಿಬರುವ ದಿನಗಳಲ್ಲಿ ಯಾವ ತೊಂದರೆಯೂ ಇಲ್ಲ. ಶನಿವಾರ, ಭಾನುವಾರ ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿಬಿಟ್ಟರೆ ಮಾತ್ರ, ಸೋಮವಾರ ಬೆಳಿಗ್ಗೆ ಸೆಲ್ಫ್ ‘ಟಿಕ್ ಟಿಕ್’ ಎನ್ನುತ್ತದೆಯೇ ಹೊರತು ಎಂಜಿನ್ ತಿರುಗುವುದಿಲ್ಲ. ಜಂಪ್ ಕೊಟ್ಟರೆ ಕೂಡಲೇ ಸ್ಟಾರ್ಟ್ ಆಗುತ್ತದೆ, ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪವೂ ಆರುತ್ತದೆ. ಬ್ಯಾಟರಿ ಅಂಗಡಿಯವರು ಬ್ಯಾಟರಿ ಚೆನ್ನಾಗಿದೆ ಎನ್ನುತ್ತಾರೆ. ಗ್ಯಾರೇಜಿನವರು ಇಡೀ ಡೈನಮೋ ಬದಲಿಸಬೇಕೆನ್ನುತ್ತಾರೆ. ನನ್ನ ಬಳಿ ಮಲ್ಟಿಮೀಟರ್ ಇದೆ. ಹಣ ಖರ್ಚು ಮಾಡುವ ಮೊದಲು ಏನೇನು ಅಳೆದು ನೋಡಬೇಕು?

ಉತ್ತರ 1:
ಮೊದಲು ಮೂರು ವೋಲ್ಟೇಜ್ ಬರೆದುಕೊಳ್ಳಿ. ಶುಕ್ರವಾರ ಗಾಡಿ ನಿಲ್ಲಿಸಿ ಎರಡು ಮೂರು ಗಂಟೆ ಕಳೆದ ಮೇಲೆ ಒಮ್ಮೆ, ಸೋಮವಾರ ಬಾಗಿಲು ತೆರೆಯುವ ಮುನ್ನ ಒಮ್ಮೆ, ಎಂಜಿನ್ ಓಡುತ್ತಿರುವಾಗ ಒಮ್ಮೆ. ಪೂರ್ಣ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್‌ನ ಆಸುಪಾಸು ತೋರಿಸುತ್ತದೆ, 12.2 ಎಂದರೆ ಸುಮಾರು ಅರ್ಧ, 12.0 ಎಂದರೆ ಕಾಲು ಭಾಗ ಮಾತ್ರ ಉಳಿದಿದೆ ಎಂದರ್ಥ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು, ಹೆಡ್‌ಲೈಟ್ ಮತ್ತು ಎಸಿ ಹಾಕಿದಾಗಲೂ 13.5ಕ್ಕಿಂತ ಕೆಳಗಿಳಿಯಬಾರದು. ಜೊತೆಗೆ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಎಂಜಿನ್ ಬ್ಲಾಕಿಗೂ ಮೀಟರ್ ಹಿಡಿದು, ಸೆಲ್ಫ್ ಹೊಡೆಯುವಾಗ ಎಷ್ಟು ತೋರಿಸುತ್ತದೆ ಎಂದು ನೋಡಿ. ಅದು 0.2 ವೋಲ್ಟ್ ದಾಟಿದರೆ ಅರ್ಥ್ ಕೇಬಲ್ಲಿನ ತುಕ್ಕನ್ನೋ ಸಡಿಲ ಬೋಲ್ಟನ್ನೋ ಹುಡುಕಬೇಕಾಗುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಳಚಿ ‘ಡೈನಮೋ ಪರೀಕ್ಷೆ’ ಮಾಡುವ ಹಳೆಯ ಪದ್ಧತಿಗೆ ಮಾತ್ರ ಒಪ್ಪಬೇಡಿ, ಆಗ ಏಳುವ ವೋಲ್ಟೇಜಿಗೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಸುಟ್ಟುಹೋಗಬಹುದು.

ಪ್ರಶ್ನಿಸಿದವರು:
ಶುಕ್ರವಾರ ರಾತ್ರಿ 12.6, ಸೋಮವಾರ ಬೆಳಿಗ್ಗೆ 12.0, ಎಂಜಿನ್ ಓಡುವಾಗ 14.1, ಎಲ್ಲ ಲೋಡ್ ಹಾಕಿದಾಗ 13.7. ಅರ್ಥ್ ಕಡೆ 0.1 ಬಂತು.

ಉತ್ತರ 2 (ಬಂಗಾರಪೇಟೆ):
ಹಾಗಾದರೆ ಚಾರ್ಜಿಂಗ್ ಸರಿಯಾಗಿದೆ, ಗಾಡಿ ನಿಂತಾಗ ಕರೆಂಟ್ ಸೋರುತ್ತಿದೆ. ಮುಕ್ಕಾಲು ಭಾಗ, ಅಂದರೆ ಸುಮಾರು 26 ಆಂಪಿಯರ್-ಅವರ್, 60 ಗಂಟೆಗಳಲ್ಲಿ ಹೋಗಿದೆ ಎಂದು ಲೆಕ್ಕ ಹಾಕಿದರೆ ಸೋರಿಕೆ 0.4 ಆಂಪಿಯರ್‌ಗಿಂತ ತುಸು ಹೆಚ್ಚು. ನಿಂತ ಕಾರಿಗೆ ಸಾಮಾನ್ಯವಾಗಿ 0.05ಕ್ಕಿಂತ ಹೆಚ್ಚು ಬೇಕಾಗಿಲ್ಲ. ಕೆಲಸದ ದಿನಗಳಲ್ಲಿ ರಾತ್ರಿ ಕಳೆದದ್ದನ್ನು ನರಸಾಪುರದ ಓಡಾಟ ತುಂಬಿಸಿಕೊಡುವುದರಿಂದ ನಿಮಗೆ ಅದು ಗೊತ್ತಾಗುತ್ತಿಲ್ಲ.

ನೆಗೆಟಿವ್ ಕೇಬಲ್ ಕಳಚಿ, ಮೀಟರನ್ನು 10 ಆಂಪಿಯರ್ ಸಾಕೆಟ್‌ನಲ್ಲಿ ಸೀರೀಸ್ ಆಗಿ, ಅಂದರೆ ಆ ಕೇಬಲ್ಲಿಗೂ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ನಡುವೆ, ಜೋಡಿಸಿ. ಕೀಲಿ ತಿರುಗಿಸಬೇಡಿ, ಸೆಲ್ಫ್ ಹೊಡೆದರಂತೂ ಮೀಟರಿನ ಫ್ಯೂಸ್ ಹೋಗುತ್ತದೆ. ಗಾಡಿಯ ಕಂಪ್ಯೂಟರ್‌ಗಳು ನಿದ್ರೆಗೆ ಜಾರಲು ಅರ್ಧ ಗಂಟೆಯಾದರೂ ಬಿಟ್ಟು, ಆಮೇಲೆ ಒಂದೊಂದೇ ಫ್ಯೂಸ್ ತೆಗೆಯುತ್ತ ಬನ್ನಿ. ಯಾವುದನ್ನು ತೆಗೆದಾಗ ರೀಡಿಂಗ್ ಬೀಳುತ್ತದೋ ದೋಷ ಆ ಸರ್ಕೀಟಿನಲ್ಲಿದೆ. ಡ್ಯಾಶ್‌ಕ್ಯಾಮ್, ಜಿಪಿಎಸ್, ಹೊರಗಡೆ ಹಾಕಿಸಿದ ಸ್ಟೀರಿಯೊ ಇದ್ದರೆ ನನ್ನ ಅನುಮಾನ ಮೊದಲು ಅವುಗಳ ಮೇಲೆ.

ಪ್ರಶ್ನಿಸಿದವರು:
ಆ ಮೂರೂ ನನ್ನ ಗಾಡಿಯಲ್ಲಿ ಇಲ್ಲ. 0.42 ಆಂಪಿಯರ್ ಬಂತು. ಒಳಗಿನ ಮತ್ತು ಬಾನೆಟ್ ಕೆಳಗಿನ ಚಿಕ್ಕ ಫ್ಯೂಸ್‌ಗಳನ್ನೆಲ್ಲ ತೆಗೆದರೂ 0.39ಕ್ಕೆ ನಿಂತಿತು.

ಉತ್ತರ 1:
ಈ ಅಂಕಿಯೇ ದಾರಿ ತೋರಿಸುತ್ತಿದೆ. ಆಲ್ಟರ್ನೇಟರಿನ (ನಾವು ಡೈನಮೋ ಎನ್ನುವುದು ಇದನ್ನೇ) ದಪ್ಪ ಕೇಬಲ್ ಆ ಚಿಕ್ಕ ಫ್ಯೂಸ್‌ಗಳ ಮೂಲಕ ಹಾದುಹೋಗುವುದಿಲ್ಲ. ಅದು ನೇರವಾಗಿಯೋ ದೊಡ್ಡ ಮುಖ್ಯ ಫ್ಯೂಸ್ ಮೂಲಕವೋ ಬ್ಯಾಟರಿ ಸೇರುತ್ತದೆ. ಅದರೊಳಗಿನ ಡಯೋಡ್‌ಗಳು ಕರೆಂಟನ್ನು ಬ್ಯಾಟರಿಯ ಕಡೆಗೆ ಮಾತ್ರ ಬಿಡಬೇಕು, ಕೆಟ್ಟರೆ ಗಾಡಿ ನಿಂತಾಗ ಹಿಮ್ಮುಖವಾಗಿಯೂ ಬಿಡುತ್ತವೆ. ಹಾಗಿದ್ದೂ ಎಂಜಿನ್ ಓಡುವಾಗ 14 ವೋಲ್ಟ್ ಬರಬಹುದು, ದೀಪವೂ ಆರಬಹುದು. ನೆಗೆಟಿವ್ ಟರ್ಮಿನಲ್ ಮೊದಲು ಕಳಚಿ, ಬಳಿಕ ಆಲ್ಟರ್ನೇಟರಿನ ಆ ಕೇಬಲ್ ಬಿಚ್ಚಿ, ಅದರ ತುದಿ ಎಲ್ಲಿಯೂ ತಾಗದಂತೆ ಟೇಪ್ ಸುತ್ತಿ, ಮತ್ತೆ ಮೊದಲಿನಂತೆಯೇ ಅಳೆಯಿರಿ.

ಪ್ರಶ್ನಿಸಿದವರು:
0.03ಕ್ಕೆ ಇಳಿಯಿತು. ಗ್ಯಾರೇಜಿನವರು ಹೇಳಿದಂತೆ ಇಡೀ ಡೈನಮೋ ಬದಲಿಸಲೇಬೇಕೇ?

ಉತ್ತರ 2 (ಬಂಗಾರಪೇಟೆ):
ಬೇರಿಂಗ್ ಸದ್ದು ಮಾಡದಿದ್ದರೆ, ಬ್ರಷ್ ಸವೆದಿರದಿದ್ದರೆ ಬೇಕಾಗಿಲ್ಲ. ಡೈನಮೋ ರಿಪೇರಿ ಬಲ್ಲ ಆಟೋ ಎಲೆಕ್ಟ್ರಿಷಿಯನ್ ಬಳಿ ಬಿಚ್ಚಿಸಿ, ಡಯೋಡ್ ಪ್ಲೇಟ್ ಒಂದನ್ನೇ ಬದಲಿಸಲು ಕೇಳಿ. ಮರಳಿ ಕೂರಿಸಿದ ಮೇಲೆ ಎಂಜಿನ್ ಓಡಿಸಿ, ಮೀಟರನ್ನು ಎಸಿ (ಪರ್ಯಾಯ ವಿದ್ಯುತ್) ವೋಲ್ಟ್‌ಗೆ ತಿರುಗಿಸಿ ಬ್ಯಾಟರಿಗೆ ಹಿಡಿಯಿರಿ, 0.5ಕ್ಕಿಂತ ಹೆಚ್ಚು ಬಂದರೆ ಕೆಲಸ ಸರಿಯಾಗಿಲ್ಲ. ಪದೇ ಪದೇ ಖಾಲಿಯಾದ ಬ್ಯಾಟರಿಯ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗುವುದರಿಂದ, ಅದನ್ನು ಓಡಾಟಕ್ಕಷ್ಟೇ ಬಿಡದೆ ಮೂರೂವರೆ ಆಂಪಿಯರ್ ಮೀರದಂತೆ ನಿಧಾನವಾಗಿ ಹೊರಗಿನ ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿ. ಮುಚ್ಚಳ ತೆರೆಯುವಂಥ ಬ್ಯಾಟರಿಯಾಗಿದ್ದು ನೀರು ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರು ಅದಕ್ಕೆ ಸಲ್ಲದು.