‘ಈಜುಗುಹೆ’ ಸರಿಯೋ, ‘ನೀರಗವಿ’ ಸರಿಯೋ?

ಗೆಳೆಯರೇ, ಒಂದು ಪದಕ್ಕಾಗಿ ವಾರದಿಂದ ತಡಕಾಡುತ್ತಿದ್ದೇನೆ.

ತಂಗಿಯ ಮನೆಯವರ ಜೊತೆ ಫಿಲಿಪೀನ್ಸ್‌ಗೆ ಹೋಗಿದ್ದೆ. ಅಲ್ಲಿನ ಪಂಗ್ಲಾವೋ ದ್ವೀಪದಲ್ಲಿ ಹಿನಗ್ದಾನನ್ ಅಂತ ಒಂದು ಸುಣ್ಣಕಲ್ಲಿನ ಗವಿ ಇದೆ. ಕಿರಿದಾದ ಬಾಯಿಯಿಂದ ಮೆಟ್ಟಿಲು ಇಳಿದರೆ ಒಳಗೆ ನಿಂತ ನೀರು. ಮೇಲೆ ಕಲ್ಲಿನಲ್ಲೇ ಬೆಳಕಿಂಡಿ ಬಿದ್ದಿದೆ. ಬಿಸಿಲು ಬಿದ್ದ ಕಡೆ ಮಾತ್ರ ನೀರು ಹಸಿರು, ಉಳಿದ ಕಡೆ ಕಪ್ಪು. ನಾವೂ ಇಳಿದು ಈಜಿದೆವು.

ಊರಿಗೆ ಬಂದು ಮಕ್ಕಳಿಗಾಗಿ ಇದನ್ನು ಬರೆಯಲು ಕೂತೆ. ಮೊದಲು ‘ಈಜುಗುಹೆ’ ಅಂತ ಬರೆದೆ. ಈಜುಕೊಳ ಇದೆಯಲ್ಲ, ಅದೇ ಅಚ್ಚು. ಆದರೆ ಮನಸ್ಸು ಒಪ್ಪಲಿಲ್ಲ. ಈಜುಕೊಳ ಈಜಲೆಂದೇ ಕಟ್ಟಿದ್ದು. ಈ ಗವಿಯನ್ನು ಕೊರೆದದ್ದು ಮಳೆನೀರು. ಮಣ್ಣಿನೊಳಗೆ ಇಂಗುವಾಗ ಅದು ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ, ಸುಣ್ಣಕಲ್ಲನ್ನು ಕರಗಿಸುತ್ತ ಹೋಗುತ್ತದೆ. ನಾವು ಈಜಿದ್ದು ಆಮೇಲಿನ ಮಾತು.

ಫೋಟೋ ನೋಡಿದ ಅವ್ವ, “ಇದು ನಮ್ಮ ಝರಣಿ ಇದ್ದಂಗ ಅದಲ್ಲ” ಅಂದಳು. ಬೀದರಿನ ನರಸಿಂಹ ಝರಣಿಗೆ ಹೋದವರಿಗೆ ಗೊತ್ತು, ಸುಮಾರು 300 ಮೀಟರ್ ಉದ್ದದ ಸುರಂಗದಲ್ಲಿ ಎದೆಮಟ್ಟದ ನೀರಲ್ಲಿ ನಡೆದೇ ದೇವರನ್ನು ಕಾಣಬೇಕು. ಆದರೆ ಝರಣಿ ಅಂದರೆ ಹರಿಯುವ ನೀರು, ಅಲ್ವಾ? ಬಂಡೆಯ ಮೇಲೆ ನೀರು ನಿಲ್ಲುವ ‘ದೊಣೆ’ಗೆ ಸೂರಿಲ್ಲ. ಕೊನೆಗೆ ಅವ್ವನೇ “ನೀರಗವಿ ಅನ್ನು” ಅಂದಳು. ನನಗೆ ಇದೇ ಹಿಡಿಸಿದೆ. ‘ನೀರ್ಗವಿ’ ಅಂತ ಬಿಗಿ ಮಾಡುವುದು ಬೇಡ, ನಾಲಿಗೆಗೆ ಬರುವುದು ನೀರಗವಿಯೇ.

ಅಲ್ಲಿಯವರು ಆ ಗವಿಗೆ ಹೆಸರಿಟ್ಟದ್ದು ನೀರಿನಿಂದಲೂ ಅಲ್ಲ, ಈಜಿನಿಂದಲೂ ಅಲ್ಲ. ಅವರ ವಿಸಾಯನ್ ಮಾತಿನಲ್ಲಿ ‘ಹಗ್ದಾನ್’ ಅಂದರೆ ಏಣಿ. ಹಿನಗ್ದಾನನ್ ಅಂದರೆ ಏಣಿ ಹಾಕಿದ್ದು. ನಮ್ಮ ಕಲಬುರಗಿ ಕಡೆ ಏಣಿಗೆ ನಿಚ್ಚಣಿಕಿ ಅನ್ನುತ್ತೇವೆ. ಮೆಟ್ಟಿಲಿಗೆ ಪಾವಟಿಗಿ, ಅದು ಇರುವ ಬಾವಿ ‘ಪಾವಟಿಗಿ ಬಾವಿ’ ಆಗುತ್ತದೆ. ಇಳಿಯುವ ದಾರಿಯಿಂದ ಹೆಸರಿಡುವ ರೂಢಿ ನಮ್ಮಲ್ಲೂ ಇದೆ ಅಂತ ತಿಳಿದು ತುಂಬಾ ಖುಷಿಯಾಯಿತು.

ನೀರಿನ ರುಚಿಗೆ ಪದ ಹುಡುಕಬೇಕಾಗಲಿಲ್ಲ. ಪೂರ್ತಿ ಉಪ್ಪೂ ಅಲ್ಲ, ಸಿಹಿಯೂ ಅಲ್ಲ. ನಮ್ಮ ‘ಸವಳು’ ಸಾಕು. ‘ಲವಣಮಿಶ್ರಿತ’ ಯಾಕೆ?

ಸಿಕ್ಕಿಬಿದ್ದದ್ದು ಇನ್ನೊಂದು ಕಡೆ. ಚಾವಣಿಯಿಂದ ಕಲ್ಲಿನ ಗೊನೆಗಳು ಜೋತು ಬಿದ್ದಿವೆ. ಒಂದರ ತುದಿಯಲ್ಲಿ ಹನಿಯೊಂದು ದುಂಡಗಾಗಿ, ತಡೆದು, ಆಮೇಲೆ ಬಿತ್ತು. ಹನಿ ಬೀಳುವ ಮುಂಚೆ ಕರಗಿದ ಸುಣ್ಣದ ಚೂರನ್ನು ಅಲ್ಲೇ ಬಿಡುತ್ತದೆ, ಹಾಗೇ ಕಲ್ಲು ಬೆಳೆಯುತ್ತದೆ. ಪುಸ್ತಕದಲ್ಲಿ ಸ್ಟ್ಯಾಲಕ್ಟೈಟ್ ಅಂತ ಇದೆ. ನಮ್ಮ ಬೋರಿನ ನೀರು ಕಾಯಿಸಿದ ಹಂಡೆಯಲ್ಲಿ ಬಿಳಿ ಪದರ ಬಂದರೆ ‘ಸುಣ್ಣ ಕಟ್ಟಿದೆ’ ಅನ್ನುತ್ತೇವೆ. ಆ ಮಾತನ್ನೇ ಹಿಡಿದು ‘ಕಟ್ಟುಸುಣ್ಣ’ ಅನ್ನಬಹುದೇ? ಶಹಾಬಾದ್, ಸೇಡಂ, ವಾಡಿ ಕಡೆಯವರನ್ನು ಮುಖ್ಯವಾಗಿ ಕೇಳುತ್ತಿದ್ದೇನೆ. ನೆಲಕ್ಕೆ ಹಾಸುವ ನಿಮ್ಮ ಫರಸಿ ಕಲ್ಲೂ ಸುಣ್ಣಕಲ್ಲೇ. ಗಣಿಯಲ್ಲಿ ಕಲ್ಲು ಎಬ್ಬಿಸುವವರು ಸಂದಿಯಲ್ಲಿ ಕಟ್ಟಿದ ಬಿಳಿ ಪೊರೆಗೆ ಏನನ್ನುತ್ತಾರೆ? ಮನೆಯ ಹಿರಿಯರನ್ನೂ ಕೇಳಿ, ಅವರು ಹೇಳಿದ ಹಾಗೆಯೇ ಬರೆಯಿರಿ.